ಚೆಂಡು ಹೊರಡುವ ಮುಂಚಿನ ಹತ್ತು ಸೆಕೆಂಡು

ಇವರಿಗೆ,
ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಯ ಸಂಪಾದಕರು ಹಾಗೂ ಆಟಗಳ ಚಿತ್ರೀಕರಣದ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಯುವಜನರು

ಮಾನ್ಯರೇ,

ವಿಷಯ: ಶಾಲೆಯೊಂದರ ಅಮೆರಿಕನ್ ಫುಟ್ಬಾಲ್ ತಂಡದಲ್ಲಿ ಚಿತ್ರೀಕರಣ ಸಹಾಯಕನಾಗಿ ಸಲ್ಲಿಸಿದ ಸೇವೆಯ ಬಗ್ಗೆ.

ಉಲ್ಲೇಖ: ಬಳಗದ ಊಟದ ದಿನ ತಾವು ನೀಡಿದ ಮೌಖಿಕ ಸೂಚನೆ.

ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ಎಂದೂ ಚೆನ್ನಾಗಿರಲಿಲ್ಲ. ಈಗ ಬೆರಳು ನಡುಗುವುದರಿಂದ ಇನ್ನಷ್ಟು ಕೆಟ್ಟಿದೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬಾರದ ಕಾರಣ ಗೆರೆ ಹಾಕಿದ ಹಾಳೆಯ ಮೇಲೆ ಕೈಯಿಂದ ಬರೆಯುತ್ತಿದ್ದೇನೆ. ಈ ದೇಶಕ್ಕೆ ಬಂದ ಮೇಲೆ ಗ್ರೋಸರಿ ಪಟ್ಟಿಯ ಹೊರತು ಕನ್ನಡದಲ್ಲಿ ಏನನ್ನೂ ಬರೆದವನಲ್ಲ. ಒತ್ತಕ್ಷರಗಳಲ್ಲಿ, ದೀರ್ಘಗಳಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಲೇಖನ ಬರೆಯುವ ಕ್ರಮವೂ ನನಗೆ ತಿಳಿಯದು. ಉಡುಪಿ ಕಡೆಯ ತಾಲೂಕು ಕಚೇರಿಯೊಂದರಲ್ಲಿ ಆರು ವರ್ಷ ಗುಮಾಸ್ತನಾಗಿದ್ದೆ; ಅಲ್ಲಿ ಕಲಿತ ಪತ್ರದ ಕ್ರಮವೊಂದೇ ಗೊತ್ತು. ಆದ್ದರಿಂದ ಅದೇ ಕ್ರಮದಲ್ಲಿ ನಿವೇದಿಸಿಕೊಳ್ಳುತ್ತೇನೆ.

ನನ್ನ ಪತ್ನಿ ಶಶಿಕಲಾ ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಕೆಲಸದ ಮೇಲೆ ನಾವು ಇಲ್ಲಿಗೆ ಬಂದೆವು. ನಾನು ಅವಳ ಹಿಂದೆ ಬಂದವನು. ಕೆಲಸ ಮಾಡುವ ಅನುಮತಿ ದೊರೆತ ಮೇಲೆ ಓಕ್ಲ್ಯಾಂಡಿಗೆ ಹತ್ತಿರದ ಡಬ್ಲಿನ್ ಎಂಬ ಊರಿನ ಕಡೆಯ ಒಂದು ಶಾಲೆಯಲ್ಲಿ ಪ್ರೊಜೆಕ್ಟರ್, ಮೈಕು, ವೈರುಗಳನ್ನು ನೋಡಿಕೊಳ್ಳುವ ಹುದ್ದೆ ಸಿಕ್ಕಿತು. ಶಾಲೆಯ ಹೆಸರು ಇಲ್ಲಿ ಬೇಡ. ಸೇರಿದ ಮೂರನೆಯ ವಾರ ಫುಟ್ಬಾಲ್ ಕೋಚ್ ಮರ್ಲ್ ಎಂಬುವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಕ್ಯಾಮೆರಾ ಹಿಡಿಯಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಆಟ ಗೊತ್ತೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೋಚ್ ಮರ್ಲ್ ಇತಿಹಾಸದ ಮೇಷ್ಟರು. ಅವರ ತಂದೆ ಓಕ್ಲ್ಯಾಂಡ್ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರಂತೆ. ನನ್ನ ಹೆಸರು ವಾದಿರಾಜ ಎಂಬುದು ಅವರ ಬಾಯಲ್ಲಿ ಮೊದಲ ದಿನವೇ 'ವಾದಿ' ಆಯಿತು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನಮ್ಮ ಮೈದಾನಕ್ಕೆ ದೀಪಗಳಿರಲಿಲ್ಲ. ಆಟಗಳು ಶನಿವಾರ ಮಧ್ಯಾಹ್ನ ನಡೆಯುತ್ತಿದ್ದವು. ಗ್ಯಾಲರಿಯ ಮೇಲೆ ಘೋಷಣೆ ಮಾಡುವವರ ಕ್ಯಾಬಿನ್ ಇತ್ತು. ಕಬ್ಬಿಣದ ಏಣಿ ಹತ್ತಿ ಅದರ ಚಾವಣಿಯ ಮೇಲೆ ಕ್ಯಾಮೆರಾ ನಿಲ್ಲಿಸುತ್ತಿದ್ದೆ. ಸುತ್ತಲೂ ಬೇಸಿಗೆಯಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡಗಳು. ಪಶ್ಚಿಮದ ಗುಡ್ಡದ ನೆತ್ತಿಯ ಮೇಲೆ ಮಂಜು ಬಂದು ಕುಳಿತಿರುತ್ತಿತ್ತು, ಇಳಿಯುತ್ತಿರಲಿಲ್ಲ. ಕೆಳಗಿನ ಗದ್ದಲ ಮೇಲೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ಎಷ್ಟೋ ಸಲ ನನ್ನ ಕಣ್ಣು ಮಾತ್ರ ಅಲ್ಲಿ ಎಚ್ಚರವಿದ್ದು, ಉಳಿದ ನಾನು ಎಲ್ಲೋ ತೇಲುತ್ತಿರುವಂತೆ ಅನಿಸುತ್ತಿತ್ತು.

ಮೊದಲ ಆಟದಲ್ಲೇ ನಗೆಪಾಟಲಾದೆ. ನಮ್ಮ ಓಟಗಾರನೊಬ್ಬ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಬಲಕ್ಕೆ ಓಡಿದ. ನಾನು ಕ್ಯಾಮೆರಾವನ್ನು ಅವನ ಹಿಂದೆಯೇ ತಿರುಗಿಸಿದೆ. ಕೆಳಗೆ ಜನ ಎದ್ದು ನಿಂತು ಕೂಗಿದರು. ನೋಡಿದರೆ ಅವನ ಕೈಯಲ್ಲಿ ಏನೂ ಇರಲಿಲ್ಲ. ಚೆಂಡು ಎಡಗಡೆಯಿಂದ ಆಗಲೇ ಗೆರೆ ದಾಟಿತ್ತು. ಸೋಮವಾರ ಕೋಚ್ ಅದನ್ನು ಇಡೀ ತಂಡಕ್ಕೆ ತೋರಿಸಿದರು.

"ಈ ಹುಡುಗ ಎಷ್ಟು ಚೆನ್ನಾಗಿ ನಟಿಸಿದ್ದಾನೆ ಅಂದರೆ ನಮ್ಮ ಕ್ಯಾಮೆರಾದವರೇ ಮೋಸ ಹೋಗಿದ್ದಾರೆ. ಇವನಿಗೊಂದು ಬಹುಮಾನ ಕೊಡಿ" ಎಂದರು. ಎಲ್ಲರೂ ನಕ್ಕ ಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ, "ವಾದಿ, ಚೆಂಡನ್ನು ನೋಡಬೇಡ. ಚೆಂಡನ್ನು ನೋಡಲು ಅಷ್ಟು ಜನ ಟಿಕೆಟ್ ತೆಗೆದುಕೊಂಡು ಬಂದಿದ್ದಾರೆ. ನೀನು ಎದುರು ಪಕ್ಷದ ಹನ್ನೊಂದು ಜನರನ್ನು ನೋಡು" ಎಂದರು.

ಆಟ ತಿಳಿಯದ ಓದುಗರ ಅವಗಾಹನೆಗಾಗಿ ಎರಡು ಮಾತು. ಚೆಂಡು ನಮ್ಮದಿದ್ದಾಗ ನಮ್ಮ ಹನ್ನೊಂದು ಜನರಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಎಸೆಯುವವನು ಅವನೇ. ಅವನ ಮುಂದೆ ಐದು ಜನ ದಪ್ಪ ಹುಡುಗರು ಗೋಡೆಯಂತೆ ನಿಂತು ಅವನನ್ನು ಕಾಯುತ್ತಾರೆ. ಉಳಿದ ಐವರು ಚೆಂಡು ಹಿಡಿಯಬಲ್ಲವರು. ಸಾಮಾನ್ಯವಾಗಿ ಅವರಲ್ಲಿ ಒಬ್ಬನೋ ಇಬ್ಬರೋ ಕ್ವಾರ್ಟರ್‌ಬ್ಯಾಕಿನ ಪಕ್ಕದಲ್ಲೋ ಹಿಂದೆಯೋ ನಿಂತಿರುತ್ತಾರೆ. ಎದುರು ಪಕ್ಷದವರು ಕೆಲವು ಸಲ ಎಂದಿಗಿಂತ ಹೆಚ್ಚು ಜನರನ್ನು ಒಮ್ಮೆಲೇ ಅವನ ಮೇಲೆ ನುಗ್ಗಿಸುತ್ತಾರೆ. ಇದಕ್ಕೆ ಬ್ಲಿಟ್ಜ್ ಎನ್ನುತ್ತಾರೆ.

ಕೋಚ್ ಮರ್ಲ್ ಇದಕ್ಕೆ ಕೊಡುತ್ತಿದ್ದ ಉತ್ತರ ಮೊದಮೊದಲು ನನಗೆ ಹುಚ್ಚಾಟವೆಂದೇ ತೋರಿತ್ತು. ಹೆಚ್ಚು ಜನ ನುಗ್ಗುತ್ತಾರೆಂದು ತಿಳಿದಾಗ ಯಾರಾದರೂ ಕ್ವಾರ್ಟರ್‌ಬ್ಯಾಕಿನ ಬಳಿ ಇನ್ನಿಬ್ಬರನ್ನು ಕಾವಲಿಗೆ ನಿಲ್ಲಿಸುತ್ತಾರೆ. ಇವರು ಇದ್ದವನನ್ನೂ ತೆಗೆದು ಐವರನ್ನೂ ಮೈದಾನದ ಉದ್ದಗಲಕ್ಕೆ ಹರಡಿಬಿಡುತ್ತಿದ್ದರು. ಕ್ವಾರ್ಟರ್‌ಬ್ಯಾಕಿನ ಅಕ್ಕಪಕ್ಕ, ಹಿಂದೆ, ಯಾರೂ ಇಲ್ಲ. ಬರೀ ಹುಲ್ಲು. ಆ ನಿಲುವಿಗೆ ಎಂಪ್ಟಿ ಎಂದೇ ಹೆಸರು.

"ಗುಂಪಿನಲ್ಲಿ ಕಳ್ಳ ಅಡಗುತ್ತಾನೆ" ಎಂದು ಅವರು ವಿವರಿಸಿದರು. "ಎಲ್ಲರನ್ನೂ ದೂರ ದೂರ ನಿಲ್ಲಿಸಿದರೆ ಎದುರಿನವರೂ ದೂರ ದೂರ ನಿಲ್ಲಲೇಬೇಕು. ಆಮೇಲೆ ನುಗ್ಗಲು ಬರುವವನು ಬಹಳ ದೂರ ನಡೆದು ಬರಬೇಕು. ನಡೆಯುವವನು ಕಾಣಿಸುತ್ತಾನೆ."

ಲೆಕ್ಕ ಸರಳ. ಅಂಚಿನ ಕಡೆ ಹರಡಿದ ನಮ್ಮ ಐವರನ್ನು ಕಾಯಲು ಎದುರಿನವರು ಎಷ್ಟು ಜನ ಹೊರಗಿದ್ದಾರೆ ಎಂದು ಎಣಿಸಬೇಕು. ಆರು ಜನ ಹೊರಗಿದ್ದರೆ ಒಳಗೆ ಐವರು, ನಮ್ಮ ಗೋಡೆಯೂ ಐದು, ಕ್ವಾರ್ಟರ್‌ಬ್ಯಾಕಿಗೆ ಸಮಯಾವಕಾಶವಿದೆ. ಹೊರಗಿನವರು ಐದಕ್ಕೆ ಇಳಿದರೆ ಒಳಗೆ ಆರು ಜನ ಬರುತ್ತಾರೆ, ಒಬ್ಬನನ್ನು ತಡೆಯುವವರಿಲ್ಲ. ಆಗ ಆ ಆರನೆಯವನು ಎಲ್ಲಿಂದ ಬಂದನೋ ಅಲ್ಲಿಗೇ ಚೆಂಡನ್ನು ತಕ್ಷಣ ಎಸೆಯಬೇಕು. ಅವನು ಬಿಟ್ಟು ಬಂದ ಜಾಗ ಖಾಲಿಯಿರುತ್ತದೆ.

ಎದುರಾಳಿಗಳ ಹಳೆಯ ಆಟಗಳ ಚಿತ್ರಗಳನ್ನು ನೋಡಿ, ಯಾರು ಎಲ್ಲಿ ನಿಂತಿದ್ದ, ಯಾರು ನುಗ್ಗಿದ ಎಂಬ ಪಟ್ಟಿ ತಯಾರಿಸುವ ಕೆಲಸವೂ ಕ್ರಮೇಣ ನನಗೆ ಬಂತು. ಪಟ್ಟಿ ತಯಾರಿಸುವುದು ನನಗೆ ಹೊಸತಲ್ಲ. ಕೋಣೆಯ ಪರದೆಗಳನ್ನು ಎಳೆದು ಒಬ್ಬನೇ ಕುಳಿತು, ಅದೇ ಇಪ್ಪತ್ತೆರಡು ಹುಡುಗರು ಅದೇ ಓಟವನ್ನು ಮತ್ತೆ ಮತ್ತೆ ಓಡುವುದನ್ನು ನೋಡುತ್ತ ನೋಡುತ್ತ ಮಧ್ಯಾಹ್ನಗಳು ಕರಗಿಹೋದವು, ಆಮೇಲೆ ವರ್ಷಗಳೂ. ಟೇಪು ಹೋಗಿ ಡಿಸ್ಕು ಬಂತು, ಡಿಸ್ಕು ಹೋಗಿ ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ ಬಂತು. ಹುಡುಗರು ಬದಲಾದರು, ಓಟ ಅದೇ ಆಗಿ ಉಳಿಯಿತು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ನಾನು ನಿವೃತ್ತನಾಗಲು ಮೂರು ವರ್ಷವಿರುವಾಗ ನಮ್ಮ ತಂಡಕ್ಕೆ ತೇಜಸ್ ಎಂಬ ಹುಡುಗ ಕ್ವಾರ್ಟರ್‌ಬ್ಯಾಕ್ ಆಗಿ ಆಯ್ಕೆಯಾದ. ಕನ್ನಡದ ಹುಡುಗ. ಎತ್ತರ, ಸಪೂರ, ಕಣ್ಣು ಬಹಳ ಚುರುಕು. ಮಿಲ್ಪಿಟಾಸ್‌ನ ಇಂಡಿಯನ್ ಗ್ರೋಸರಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಅವನ ತಾಯಿ ಸುಮಿತ್ರಾ ನನ್ನನ್ನು ಗುರುತಿಸಿದರು. ಮೈಸೂರಿನವರು; ಅಲ್ಲೇ ಹತ್ತಿರದ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಎಂಜಿನಿಯರ್.

"ವಾದಿರಾಜ್ ಅವ್ರೇ, ನೀವು ಆ ಟೀಮಿನಲ್ಲೇ ಇರೋದಂತಲ್ಲ. ಇವನು ಒಪ್ಪಿಗೆ ಫಾರಂ ತಂದು ಫ್ರಿಜ್ಜಿಗೆ ಅಂಟಿಸಿ ನಾಲ್ಕು ದಿನ ಆಯ್ತು. ನಾನು ಸೈನ್ ಮಾಡಿಲ್ಲ. ಟೀವಿನಲ್ಲಿ ನೋಡಿದೀನಿ, ಲಾರಿ ಥರ ಬಂದು ಬೀಳ್ತಾರೆ. ನೀವು ಹೇಳಿ, ಏನೂ ಆಗಲ್ವಾ?"

"ಎಲ್ಲ ಮೊದಲೇ ನೋಡಿಟ್ಟಿರ್ತೇವೆ ಅಮ್ಮ. ಯಾರು ಎಲ್ಲಿಂದ ಬರ್ತಾರೆ ಅಂತ ನನ್ನ ಪಟ್ಟಿಯಲ್ಲಿ ಉಂಟು" ಎಂದೆ.

ತೇಜಸ್ ತರಕಾರಿ ಗಾಡಿಗೆ ಒರಗಿ ನಿಂತಿದ್ದ. "ಸೀ, ಅಮ್ಮಾ? ಅಂಕಲ್ ಹ್ಯಾಸ್ ಅ ಲಿಸ್ಟ್" ಎಂದ.

ನನ್ನ ಆ ಒಂದು ಮಾತಿನ ಮೇಲೆ ಅವರು ಸಹಿ ಹಾಕಿದರು.

ನಮ್ಮ ತಾಲೂಕು ಕಚೇರಿಯ ಶಿರಸ್ತೇದಾರರು ನನಗೆ ಕಲಿಸಿದ ಮೊದಲ ಪಾಠ, ಸಾಹೇಬರ ಮೇಜಿಗೆ ಹೋಗುವ ಕಡತದಲ್ಲಿ ಖಾಲಿ ಹಾಳೆ ಇರಬಾರದು ಎಂಬುದು. ಕಡತವನ್ನು ಒಳಗೆ ಕಳಿಸುವ ಮುನ್ನ ಕುಳಿತು ಏನೂ ಬರೆಯದ ಹಾಳೆಗಳನ್ನೆಲ್ಲ ಕಿತ್ತು ತೆಗೆಯುತ್ತಿದ್ದೆ. ಆ ಅಭ್ಯಾಸ ನನ್ನ ಜೊತೆ ಸಮುದ್ರ ದಾಟಿ ಬಂದಿತ್ತು. ಫುಟ್ಬಾಲಿನಲ್ಲಿ ಪ್ರತಿ ಸಲ ಚೆಂಡು ಗೋಡೆಯ ನಡುವಿನ ಹುಡುಗನಿಂದ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕಿನ ಕಡೆಗೆ ಹೊರಡುವ ಕ್ಷಣಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಅದಕ್ಕೆ ಮುಂಚೆ ಹತ್ತಿಪ್ಪತ್ತು ಸೆಕೆಂಡು ಎಲ್ಲರೂ ಸುಮ್ಮನೆ ನಿಂತಿರುತ್ತಾರೆ. ಏನೂ ನಡೆಯುವುದಿಲ್ಲ. ಆ ವರ್ಷ ನಾನು ಕೋಚ್‌ಗೆ ಅನುಕೂಲವಾಗಲೆಂದು ಪ್ರತಿ ತುಣುಕನ್ನೂ ಸ್ನ್ಯಾಪಿನಿಂದಲೇ ಶುರುವಾಗುವಂತೆ ಕತ್ತರಿಸಿ ಕೊಡತೊಡಗಿದೆ. ಎರಡು ಗಂಟೆ ನೋಡಬೇಕಾದದ್ದು ಮುಕ್ಕಾಲು ಗಂಟೆಗೆ ಇಳಿಯಿತು. ಕೋಚ್ ಸಂತೋಷಪಟ್ಟರು. ನಾನೂ ಹಿಗ್ಗಿದೆ. ಖಾಲಿ ಹಾಳೆಗಳನ್ನು ತೆಗೆದಿದ್ದೇನೆ ಎಂದುಕೊಂಡೆ.

ಗುಡ್ಡದಾಚೆಯ ಶಾಲೆಯ ತಂಡದಲ್ಲಿ ಕೆಂಪು ಕೈಪಟ್ಟಿ ಕಟ್ಟಿದ ಒಬ್ಬ ಆಟಗಾರನಿದ್ದ. ನನ್ನ ತುಣುಕುಗಳಲ್ಲಿ ಅವನು ಯಾವಾಗಲೂ ಒಳಗಿನಿಂದಲೇ ನುಗ್ಗುತ್ತಿದ್ದ. 'ಕೆಂಪು ಕೈಪಟ್ಟಿ ಒಳಗೆ ನಿಂತಿದ್ದರೆ ನುಗ್ಗುವನು, ಹೊರಗೆ ನಿಂತಿದ್ದರೆ ನುಗ್ಗುವುದಿಲ್ಲ' ಎಂದು ಪಟ್ಟಿಯಲ್ಲಿ ನಮೂದಿಸಿದೆ. ತೇಜಸ್ ಅದನ್ನು ಬಾಯಿಪಾಠ ಮಾಡಿದ.

ಆಟದ ದಿನ ಎರಡನೆಯ ಭಾಗದಲ್ಲಿ ನಾವು ಎಂಪ್ಟಿ ನಿಲುವಿಗೆ ಹೋದೆವು. ಕೆಂಪು ಕೈಪಟ್ಟಿಯವನು ಎಡಗಡೆ ನಮ್ಮವನೊಬ್ಬನ ಎದುರು, ಸಾಕಷ್ಟು ಹೊರಗೆ ನಿಂತಿದ್ದ. ತೇಜಸ್ ಎಣಿಸಿದ; ಹೊರಗೆ ಆರು. ನಿಶ್ಚಿಂತೆಯಿಂದ ಬಲಕ್ಕೆ ತಿರುಗಿದ. ಮೇಲಿನಿಂದ ನನಗೆ ಎಲ್ಲವೂ ನೀರಿನೊಳಗೆ ನಡೆದಂತೆ ನಿಧಾನವಾಗಿ ಕಂಡಿತು. ಕೆಂಪು ಕೈಪಟ್ಟಿ ಎಡದಿಂದ ಒಂದು ಗೆರೆ ಎಳೆದಂತೆ ಬಂತು. ತೇಜಸ್ ಅದನ್ನು ನೋಡಲೇ ಇಲ್ಲ. ಅವನು ಬಿದ್ದ ಸದ್ದು ನನ್ನವರೆಗೆ ಬರಲಿಲ್ಲ. ಗ್ಯಾಲರಿಯ ನಡುವೆ ಸುಮಿತ್ರಾ ಎದ್ದು ನಿಂತದ್ದು ಮಾತ್ರ ಕಂಡಿತು.

ಕೊರಳ ಬುಡದಿಂದ ಹೆಗಲಿಗೆ ಸೇರುವ ಎಲುಬು ಮುರಿದಿತ್ತು.

ಕಾಯುವ ಹುಡುಗರ ತಪ್ಪೆಂದು ಕೆಲವರು ಹೇಳಿದರು. ಕೋಚ್ ತಮ್ಮ ತಪ್ಪೆಂದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಶಾಲೆಗೆ ಹೋಗಿ, ಕತ್ತರಿಸದೆ ಉಳಿದಿದ್ದ ಮೂಲ ಚಿತ್ರಗಳನ್ನು ತೆರೆದೆ. ಸ್ನ್ಯಾಪಿಗೆ ಮುಂಚಿನ ಹತ್ತು ಸೆಕೆಂಡುಗಳನ್ನು ಆ ವರ್ಷ ಮೊದಲ ಬಾರಿಗೆ ನೋಡಿದೆ.

ಎಲ್ಲವೂ ಅಲ್ಲಿತ್ತು. ಕೆಂಪು ಕೈಪಟ್ಟಿಯವನು ಪ್ರತಿ ಸಲವೂ ಹೊರಗೇ ನಿಂತಿರುತ್ತಿದ್ದ. ಕ್ವಾರ್ಟರ್‌ಬ್ಯಾಕ್ ಚೆಂಡು ಕೇಳುವ ಗುರುತಾಗಿ ಒಂದು ಹಿಮ್ಮಡಿಯನ್ನು ಎತ್ತುತ್ತಾನೆ. ಹಿಮ್ಮಡಿ ಎದ್ದ ಕೂಡಲೇ ಇವನು ನಾಲ್ಕು ಹೆಜ್ಜೆ ಒಳಗೆ ಜಾರುತ್ತಿದ್ದ. ಅಷ್ಟರಲ್ಲಿ ಸ್ನ್ಯಾಪ್. ನನ್ನ ತುಣುಕುಗಳು ಆ ನಾಲ್ಕು ಹೆಜ್ಜೆಗಳಾದ ಮೇಲೆ ಶುರುವಾಗುತ್ತಿದ್ದವು. ಏನೂ ಇಲ್ಲವೆಂದು ನಾನು ಕಿತ್ತು ತೆಗೆದ ಹಾಳೆಯಲ್ಲೇ ವಿಷಯವೆಲ್ಲ ಬರೆದಿತ್ತು.

ಮನೆಗೆ ಹೋಗಿ ಶಶಿಕಲಾಳಿಗೆ ಹೇಳಿದೆ. ಅವಳು ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಗಂಜಿ ಉಣ್ಣುತ್ತಿದ್ದಳು.

"ಆ ಹುಡುಗನ ಅಮ್ಮನಿಗೆ ಹೇಳಿದಿರಾ?"

"ಇನ್ನೂ ಇಲ್ಲ."

"ಮತ್ತೆ ನನಗೆ ಹೇಳಿ ಎಂತ ಆಗ್ಲಿಕ್ಕುಂಟು? ನಾನು ಎಲುಬು ಕೂಡಿಸ್ಲಿಕ್ಕೆ ಸಹಾಯ ಮಾಡ್ಬಹುದು. ಇದನ್ನು ನೀವೇ ಹೋಗಿ ಹೇಳ್ಬೇಕು."

ನನಗೆ ಬಾಯಿಂದ ಹೇಳುವ ಧೈರ್ಯವಿರಲಿಲ್ಲ. ಕೋಚ್‌ಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ, ವಿಷಯ, ಉಲ್ಲೇಖ, ಕ್ರಮಸಂಖ್ಯೆ ಎಲ್ಲವನ್ನೂ ಹಾಕಿ. ಕೊನೆಯಲ್ಲಿ ಯಾವುದೇ ಕ್ರಮಕ್ಕೆ ಬದ್ಧನಾಗಿರುತ್ತೇನೆ ಎಂದು ಸೇರಿಸಿದೆ. ಅವರು ನಿಂತೇ ಓದಿದರು, ಮಡಚಿ ನನ್ನ ಕೈಗೆ ವಾಪಸು ಕೊಟ್ಟರು.

"ವಾದಿ, ನನ್ನ ಜೀವನದಲ್ಲಿ ಯಾರೂ ನನಗೆ ಇಷ್ಟು ಮರ್ಯಾದೆಯ ಪತ್ರ ಬರೆದಿಲ್ಲ. ಆದರೆ ವಿಳಾಸ ತಪ್ಪಾಗಿದೆ. ಆ ತಾಯಿಗೆ ಹೇಳು."

ಡಬ್ಲಿನ್‌ನಲ್ಲಿದ್ದ ಅವರ ಮನೆಗೆ ಹೋದೆ. ಸುಮಿತ್ರಾ ಬಾಗಿಲು ತೆರೆದು ಒಳಗೆ ಕರೆದರು. ತೇಜಸ್ ತೋಳಿಗೆ ಪಟ್ಟಿ ಹಾಕಿಕೊಂಡು ಸೋಫಾದ ಮೇಲೆ ಕುಳಿತಿದ್ದ. ನಾನು ಕುಳಿತುಕೊಳ್ಳದೆಯೇ ಎಲ್ಲವನ್ನೂ ಹೇಳಿದೆ.

"ಅಂಕಲ್, ಇಟ್ಸ್ ಓಕೆ" ಎಂದ ತೇಜಸ್.

"ಓಕೆ ಅಲ್ಲ" ಎಂದರು ತಾಯಿ. ದನಿ ಎತ್ತಲಿಲ್ಲ. "ಪಟ್ಟಿ ಇದೆ ಅಂದ್ರಿ. ನಾನು ನಂಬಿದೆ. ಅದು ಬಿಡಿ, ಇನ್ನೊಂದು ವಿಷ್ಯ ನಂಗೆ ಅರ್ಥ ಆಗಿಲ್ಲ. ಅವತ್ತು ಅವನ ಹಿಂದೆ ಯಾರೂ ಇರ್ಲಿಲ್ಲ. ಪಕ್ಕದಲ್ಲೂ ಯಾರೂ ಇರ್ಲಿಲ್ಲ. ಅಷ್ಟು ದೊಡ್ಡ ಮೈದಾನದಲ್ಲಿ ನನ್ನ ಮಗನ್ನ ಒಬ್ಬನ್ನೇ ಯಾಕೆ ನಿಲ್ಲಿಸಿದ್ರಿ?"

ನನ್ನಲ್ಲಿ ಉತ್ತರವಿತ್ತು, ಆದರೆ ಆ ದಿನ ಅದನ್ನು ಹೇಳುವ ಅರ್ಹತೆ ಇರಲಿಲ್ಲ. ಕ್ಷಮಿಸಿ ಎಂದು ಹೇಳಿ ಬಂದೆ.

ಆ ಋತುವಿನ ಉಳಿದ ಆಟಗಳಲ್ಲಿ ಕೋಚ್ ಎಂಪ್ಟಿಯನ್ನು ಕೈಬಿಟ್ಟರು. ಬದಲಿ ಕ್ವಾರ್ಟರ್‌ಬ್ಯಾಕಿನ ಎರಡೂ ಪಕ್ಕದಲ್ಲಿ ಒಬ್ಬೊಬ್ಬನನ್ನು ನಿಲ್ಲಿಸಿದರು. ನಾನು ಒಂದು ಸೆಕೆಂಡನ್ನೂ ಕತ್ತರಿಸದೆ ಚಿತ್ರೀಕರಿಸಿದೆ, ಒಂದು ಸೆಕೆಂಡನ್ನೂ ಬಿಡದೆ ನೋಡಿದೆ. ಕಾಯುವವರು ಹತ್ತಿರ ಬಂದಷ್ಟೂ ಎದುರಿನವರೂ ಹತ್ತಿರ ಬಂದು ಗುಂಪಾದರು; ಯಾರು ನುಗ್ಗುವವನು, ಯಾರು ನಿಲ್ಲುವವನು ಎಂದು ಹೇಳಲಾಗುತ್ತಿರಲಿಲ್ಲ. ಆ ಬಡಪಾಯಿ ಬದಲಿ ಹುಡುಗ ತೇಜಸ್‌ಗಿಂತ ಹೆಚ್ಚು ಸಲ ನೆಲಕ್ಕೆ ಬಿದ್ದ.

ಮಾರ್ಚ್ ಬಂತು, ಗುಡ್ಡಗಳು ಹಸಿರಾದವು. ಎಲುಬು ಕೂಡಿಕೊಂಡಿತು. ತೇಜಸ್‌ಗೆ ಶಾಲೆಯ ಕೊನೆಯ ವರ್ಷ ಆಡಲೇಬೇಕಿತ್ತು. ಫಾರಂ ಮತ್ತೆ ಫ್ರಿಜ್ಜಿನ ಮೇಲೆ ಬಂತು. ಸುಮಿತ್ರಾ ಸಹಿ ಹಾಕಲಿಲ್ಲ. ಮನೆಯಲ್ಲಿ ತಾಯಿ ಮಗನ ಮಾತು ನಿಂತುಹೋಗಿದೆಯೆಂದು, ಬಳಗದವರಿಂದ ಕೇಳಿ ಬಂದ ಶಶಿಕಲಾಳಿಂದ ತಿಳಿಯಿತು. ಅವಳೇ ಸುಮಿತ್ರಾ ಅವರಿಗೆ ಫೋನ್ ಮಾಡಿ ಹೇಳಿದಳು: "ಒಮ್ಮೆ ಇವರ ಕೋಣೆಗೆ ಬಂದು ನೋಡಿ. ಬೇಡ ಅಂತ ಹೇಳುದಾದ್ರೆ ನೋಡಿಯೇ ಹೇಳಿ."

ಅವರು ಆಫೀಸಿನಿಂದ ನೇರವಾಗಿ, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡೇ ಬಂದರು. ನಾನು ಪರದೆ ಎಳೆದೆ. ಮಗ ಬಿದ್ದ ತುಣುಕನ್ನು ಹಾಕಲು ಹೇಳಿದರು. ಬೇಡವೆಂದೆ; ಕೇಳಲಿಲ್ಲ. ಹಾಕಿದೆ, ಈ ಸಲ ಮೊದಲಿನಿಂದ.

ಬೆಳ್ಳಿತೆರೆಯ ಮೇಲೆ ಎಲ್ಲರೂ ಸುಮ್ಮನೆ ನಿಂತಿದ್ದರು. ಗಾಳಿಗೆ ಅಂಗಿಗಳ ತುದಿ ಅಲುಗುತ್ತಿತ್ತು. ಹೊರಗಿನವರನ್ನು ಎಣಿಸಿ ಎಂದೆ.

"ಒಂದು, ಎರಡು, ಮೂರು... ಆರು. ಅಲ್ಲೆಲ್ಲೋ ದೂರದಲ್ಲಿ ಒಬ್ಬ ನಿಂತಿದಾನಲ್ಲ, ಅವನೂ ಸೇರಿ ಆರು."

"ಈಗ ಅವನ ಹಿಮ್ಮಡಿ ನೋಡಿ."

ತೆರೆಯ ಮೇಲೆ ತೇಜಸ್ ಹಿಮ್ಮಡಿ ಎತ್ತಿದ. ಕೆಂಪು ಕೈಪಟ್ಟಿ ಜಾರಿತು. ನಾನು ಚಿತ್ರವನ್ನು ಅಲ್ಲೇ ನಿಲ್ಲಿಸಿದೆ.

"ಐದು" ಎಂದರು ಅವರು.

ಆಮೇಲೆ ಎದುರಾಳಿಗಳ ಬೇರೆ ಆಟಗಳನ್ನು ಹಾಕಿದೆ. ಎಂಪ್ಟಿ ನಿಲುವಿನವು, ಗುಂಪು ನಿಲುವಿನವು. ಗುಂಪು ನಿಲುವು ಬಂದಾಗ ಅವರು ಎಣಿಸಲಾಗದೆ ತೊದಲಿದರು. ಎಂಪ್ಟಿ ಬಂದಾಗ ಒಂದು ಸಲವೂ ತಪ್ಪಲಿಲ್ಲ. ತಾಸುಗಟ್ಟಲೆ ನಾವು ಆ ಕತ್ತಲೆಯಲ್ಲಿ ಕುಳಿತೆವು. ಅವರ ಎಣಿಕೆ ಒಂದು ಜಪದಂತೆ ನಡೆದಿತ್ತು. ಕೊನೆಗೆ ನನ್ನ ಕಡೆ ತಿರುಗಿದರು.

"ಅವನ ಹತ್ರ ಜನ ನಿಂತ್ರೆ ಅವನಿಗೇ ಏನೂ ಕಾಣಿಸಲ್ಲ. ಅಲ್ವಾ?"

"ಹೌದಮ್ಮ."

"ಸೈನ್ ಮಾಡ್ತೀನಿ. ಆದ್ರೆ ಆ ಕೆಂಪು ಪಟ್ಟಿಯವನ ಟೀಮ್ ಜೊತೆ ಆಟ ಇರೋ ದಿನ ನಿಮ್ಮ ಪಕ್ಕದಲ್ಲಿ ಮೇಲೆ ನಾನೂ ಕೂತ್ಕೋತೀನಿ. ಅವನು ಒಂದೇ ಒಂದು ಸಲ ನನ್ನ ಮಗನ್ನ ಬೀಳಿಸಿದ್ರೂ ಏಣಿ ಇಳಿದು ಹೋಗಿ ಇವನನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಕೋಚ್ ಏನಾದ್ರೂ ಅಂದ್ಕೊಳ್ಳಲಿ."

ಕೋಚ್‌ಗೆ ಈ ಷರತ್ತನ್ನು ತಿಳಿಸಿದಾಗ ಅವರು, "ಇದಕ್ಕಿಂತ ಕಡಿಮೆಗೆ ನಾನಾದರೂ ಸಹಿ ಹಾಕುತ್ತಿರಲಿಲ್ಲ" ಎಂದರು.

ಅವರು ಕಂಡುಕೊಂಡ ಉಪಾಯ ಇಷ್ಟೇ: ತೇಜಸ್ ಒಮ್ಮೆ ಸುಳ್ಳು ಹಿಮ್ಮಡಿ ಎತ್ತಬೇಕು. ಚೆಂಡು ಬರುವುದಿಲ್ಲ. ನುಗ್ಗಲು ಕಾದವನು ಮೋಸ ಹೋಗಿ ಜಾರುತ್ತಾನೆ. ತೇಜಸ್ ಅದನ್ನು ನೋಡಿಕೊಂಡು ಎರಡನೆಯ ಸಲ ನಿಜವಾಗಿ ಎತ್ತಬೇಕು. ಹೇಳುವುದು ಸುಲಭ. ಅಭ್ಯಾಸದಲ್ಲಿ ಸುಳ್ಳು ಹಿಮ್ಮಡಿಗೆ ಮೊದಲು ಮೋಸ ಹೋದವರು ನಮ್ಮವರೇ. ಗೋಡೆಯ ಐದು ಜನರಲ್ಲಿ ಮೂವರು ಪ್ರತಿ ಸಲ ಮುಂದಕ್ಕೆ ಮುಗ್ಗರಿಸುತ್ತಿದ್ದರು. ಆಟದಲ್ಲಿ ಅದಕ್ಕೆ ದಂಡವುಂಟು. ಆಗಸ್ಟಿನ ಬಿಸಿಲಿನಲ್ಲಿ ಕೋಚ್ ಅವರನ್ನು ಅಲ್ಲಾಡದೆ ನಿಲ್ಲುವುದೊಂದನ್ನೇ ಮಾಡಿಸಿದರು. ನಾನು ಅದನ್ನೂ ಚಿತ್ರೀಕರಿಸಿದೆ: ಐದು ದಪ್ಪ ಹುಡುಗರು ಏನೂ ಮಾಡದೆ ನಿಂತಿರುವ ದೀರ್ಘ ದೀರ್ಘ ಚಿತ್ರಗಳು. ನನ್ನ ಸೇವೆಯಲ್ಲಿ ನಾನು ತೆಗೆದ ಅತ್ಯುತ್ತಮ ಚಿತ್ರಗಳು ಅವೇ ಎಂದು ನನ್ನ ಅಭಿಪ್ರಾಯ.

ಅಕ್ಟೋಬರಿನ ಒಂದು ಶನಿವಾರ ಗುಡ್ಡದಾಚೆಯ ತಂಡ ಬಂತು. ಸುಮಿತ್ರಾ ಏಣಿ ಹತ್ತಿ ಮೇಲೆ ಬಂದು, ಕ್ಯಾಮೆರಾದ ಕಾಲುಗಳ ಪಕ್ಕದಲ್ಲಿ ನಿಂತರು. ಕುಳಿತುಕೊಳ್ಳಿ ಎಂದರೆ, "ಇಳಿಯೋಕೆ ಸುಲಭ ಆಗ್ಲಿ" ಎಂದು ಏಣಿಯ ಕಡೆಗೇ ನಿಂತರು. ಮಂಜು ಗುಡ್ಡದ ಮೇಲೆ ಕುಳಿತಿತ್ತು. ಬಿಸಿಲು ಇತ್ತೋ ಇಲ್ಲವೋ ಎನ್ನುವಂತಿತ್ತು.

ಮೊದಲ ಭಾಗದಲ್ಲಿ ಎಂಪ್ಟಿ ನಿಲುವು ಬಂದಾಗಲೆಲ್ಲ ಕೆಂಪು ಕೈಪಟ್ಟಿಯವನು ಹೊರಗೇ ಉಳಿದ. ಸುಮಿತ್ರಾ ಆರು ಎಣಿಸಿದರು, ಕೆಳಗೆ ತೇಜಸ್ ಕೂಡ ಆರೇ ಎಣಿಸಿರಬೇಕು, ಸಾವಕಾಶವಾಗಿ ಎಸೆದ. ಎರಡನೆಯ ಭಾಗದಲ್ಲಿ, ಕಳೆದ ವರ್ಷ ಅವನು ಬಿದ್ದ ಹೆಚ್ಚುಕಡಿಮೆ ಅದೇ ಜಾಗದಲ್ಲಿ, ನಮ್ಮ ಐವರು ಮತ್ತೆ ಹರಡಿ ನಿಂತರು. ತೇಜಸ್ ಒಬ್ಬನೇ ಹಿಂದೆ ನಿಂತ. ಅವನ ಸುತ್ತ ಹುಲ್ಲು. ಮೇಲಿನಿಂದ ನೋಡಿದರೆ ಯಾರೋ ಹಾಸಿದ ಚಾಪೆಯ ಮೇಲೆ ಒಬ್ಬನೇ ನಿಂತಂತೆ ಕಾಣುತ್ತಿದ್ದ.

"ಆರು" ಎಂದರು ಸುಮಿತ್ರಾ.

ತೇಜಸ್ ಹಿಮ್ಮಡಿ ಎತ್ತಿದ. ಚೆಂಡು ಬರಲಿಲ್ಲ. ನಮ್ಮ ಐವರು ಅಲ್ಲಾಡಲಿಲ್ಲ. ಕೆಂಪು ಕೈಪಟ್ಟಿ ಒಳಗೆ ಜಾರಿತು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ನಂತರ, ತಾನು ಕಾಣಿಸಿಕೊಂಡೆನೆಂದು ತಿಳಿದಂತೆ, ಅರೆಗಳಿಗೆ ನಿಂತಿತು. ಆ ಅರೆಗಳಿಗೆ ನನಗೆ ಇಂದಿಗೂ ಮುಗಿದಿಲ್ಲ. ಗಾಳಿ ನಿಂತಿತ್ತು. ಕೆಳಗಿನ ಸದ್ದೂ ನಿಂತಂತೆ ಅನಿಸಿತು.

"ಐದು" ಎಂದರು ಅವರು. ಮತ್ತೆ, ಯಾರಿಗೋ ದಾರಿ ತೋರಿಸುವವರಂತೆ ಎಡಗಡೆಗೆ ಕೈ ನೀಡಿ, "ಅಲ್ಲಿ. ಆ ನಮ್ಮ ಹುಡುಗನ ಮುಂದೆ ಯಾರೂ ಇಲ್ಲ" ಎಂದರು.

ಅವರ ಕೈ ಇನ್ನೂ ಗಾಳಿಯಲ್ಲಿತ್ತು, ತೇಜಸ್ ಎರಡನೆಯ ಸಲ ಹಿಮ್ಮಡಿ ಎತ್ತಿದ. ಚೆಂಡು ಅವನ ಕೈಗೆ ಬಂದು, ನಿಲ್ಲದೆ, ಅವರ ಬೆರಳು ತೋರುತ್ತಿದ್ದ ಕಡೆಗೇ ಹೊರಟಿತು. ಕೆಂಪು ಕೈಪಟ್ಟಿಯವನು ತೇಜಸ್‌ನನ್ನು ತಲುಪಿದಾಗ ಚೆಂಡು ಅಲ್ಲಿರಲಿಲ್ಲ. ಅವನು ಎರಡೂ ಕೈ ಚಾಚಿ ವೇಗ ತಡೆದುಕೊಂಡು, ತೇಜಸ್‌ನ ಹೆಗಲಿಗೆ ಮೆಲ್ಲಗೆ ತಾಗಿ ನಿಂತ. ಇಬ್ಬರೂ ಅಕ್ಕಪಕ್ಕ ನಿಂತು, ದೂರದಲ್ಲಿ ನಮ್ಮವನೊಬ್ಬ ಖಾಲಿ ಮೈದಾನದಲ್ಲಿ ಓಡುವುದನ್ನು ನೋಡಿದರು.

ನಾನು ಓಡುವವನ ಕಡೆಗೆ ಕ್ಯಾಮೆರಾ ತಿರುಗಿಸಲಿಲ್ಲ.

ಸುಮಿತ್ರಾ ಏಣಿಯ ಬಳಿಯಿಂದ ಬಂದು ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಟ್ಯಾಬ್ಲೆಟ್ ಕಡೆ ನೋಡಿ, "ಅದನ್ನ ಇನ್ನೊಂದ್ಸಲ ಹಾಕ್ತೀರಾ?" ಎಂದರು. ನಾನು ಹಾಕಿದೆ. ಅವಸರದಲ್ಲಿ ಚೆಂಡು ಹೊರಟ ಜಾಗಕ್ಕೆ ಬೆರಳಿಟ್ಟುಬಿಟ್ಟಿದ್ದೆ.

"ಅಲ್ಲಿಂದ ಅಲ್ಲ" ಎಂದರು. "ಮೊದಲಿಂದ."

ಈಗ ಈ ಕೆಲಸಕ್ಕೆ ಬರುತ್ತಿರುವ ಯುವಜನರಲ್ಲಿ ನನ್ನ ನಿವೇದನೆ. ನಾನು ಬಿಡುವ ಹೊತ್ತಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಯಂತ್ರವೇ ಸ್ನ್ಯಾಪನ್ನು ಗುರುತಿಸಿ, ಅದಕ್ಕೆ ಮುಂಚಿನದನ್ನು ತಾನೇ ಕತ್ತರಿಸಿ ಕೊಡುತ್ತದೆ. ಮೊದಲ ದಿನವೇ ಆ ಕತ್ತರಿಸುವ ಗುಂಡಿಯನ್ನು ಹುಡುಕಿ ಬಂದ್ ಮಾಡಿ. ನಿಮ್ಮ ಕೋಚ್‌ಗೆ ಬೇಸರವಾದರೆ ಆಗಲಿ. ಆ ಹತ್ತು ಸೆಕೆಂಡುಗಳಲ್ಲಿ ಕುಳಿತುಕೊಳ್ಳಲು ಕಲಿಯಿರಿ. ಮೊದಮೊದಲು ನಿದ್ದೆ ಬರುತ್ತದೆ, ಆಮೇಲೆ ಕನಸಿನಂತಾಗುತ್ತದೆ, ಆಮೇಲೆ ಯಾರದೋ ಒಂದು ಪಾದ ಅಲುಗುವುದು ಕಾಣಿಸುತ್ತದೆ. ಯಾರಾದರೂ ತಾಯಿ ಕೇಳಿದರೆ ಪಟ್ಟಿ ಉಂಟೆಂದು ಹೇಳಬೇಡಿ. ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಎಣಿಸಲು ಹೇಳಿ.

ಮೇಲ್ಕಂಡ ಬರಹದಲ್ಲಿ ಕಂಡುಬರುವ ಎಲ್ಲ ತಪ್ಪುಗಳನ್ನು ತಾವು ದಯಮಾಡಿ ತಿದ್ದಬೇಕು. ಅಕ್ಷರ ತಿಳಿಯದಿದ್ದಲ್ಲಿ ನನಗೆ ಫೋನ್ ಮಾಡಿ ಕೇಳಬಹುದು. ಸಾಲುಗಳ ನಡುವೆ ಅಲ್ಲಲ್ಲಿ ಜಾಗ ಬಿಟ್ಟಿದ್ದೇನೆ. ಅದು ತಪ್ಪೆಂದು ಕಂಡರೆ ಅದನ್ನೂ ತಿದ್ದಿ. ಆದರೆ ತೆಗೆದುಹಾಕುವ ಮುನ್ನ ಒಂದು ಹತ್ತು ಸೆಕೆಂಡು ನೋಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ವಾದಿರಾಜ